ಹುಳಿ ನೀರು, ಸಣ್ಣ ಜೀವಿ: ಶಾಲೆಯ ಪ್ರಾಜೆಕ್ಟಿಗೆ ಯಾವುದು ಒಳ್ಳೆಯದು?

ಕೆರೆಯ ನೀರಿನಲ್ಲಿ ಆಮ್ಲ ಹೆಚ್ಚಾದರೆ ಅಲ್ಲಿನ ಸಣ್ಣ ಜೀವಿಗಳ ಗತಿ ಏನು? ಹೈಸ್ಕೂಲು ಮಕ್ಕಳು ಆಸೆಪಟ್ಟು ಆರಿಸಿಕೊಳ್ಳುವ ಪ್ರಾಜೆಕ್ಟಿದು. ಧಾರವಾಡದಲ್ಲಿ ನಮ್ಮ ಮಕ್ಕಳ ಜೊತೆ ಕೂತು ಸೊಳ್ಳೆ ಮರಿ, ಬಸವನಹುಳು, ನೀರುಚಿಗಟ (ಕೆರೆಯಲ್ಲಿ ಕುಪ್ಪಳಿಸುತ್ತ ಈಜುವ ಪುಟ್ಟ ಜೀವಿ) ಮೂರನ್ನೂ ಇಟ್ಟು ನೋಡಿದ್ದೇನೆ. ನನ್ನ ಮತ ನೀರುಚಿಗಟಕ್ಕೆ. ಆದರೆ ಜೀವಿಗಿಂತ ಮೊದಲು ನೀರನ್ನು ಆರಿಸಿ. ನಮ್ಮ ಭಾಗದಲ್ಲಿ ಪ್ರಾಜೆಕ್ಟು ಕೆಡುವುದು ಹೆಚ್ಚಾಗಿ ಅಲ್ಲೇ.

ಸೊಳ್ಳೆ ಮರಿಯ ಮಾತು ಬೇಗ ಮುಗಿಸುತ್ತೇನೆ. ಹುಡುಕುವ ಶ್ರಮವಿಲ್ಲ, ಹಿತ್ತಲಿನ ಡ್ರಮ್ಮಿನಲ್ಲೇ ಸಿಗುತ್ತದೆ. ಆದರೆ ಅದು ಬಾಲದ ಕಡೆಯ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿ ಗಾಳಿಯನ್ನೇ ಉಸಿರಾಡುತ್ತದೆ, ಆಮ್ಲವನ್ನೂ ಸಾಕಷ್ಟು ತಾಳಿಕೊಳ್ಳುತ್ತದೆ. ಹೀಗಾಗಿ ಬಾಟಲಿ ಬಾಟಲಿಗೆ ವ್ಯತ್ಯಾಸ ಕಾಣುವುದೇ ಕಷ್ಟ. ಡೆಂಗಿ ಹರಡುವ ಸೊಳ್ಳೆಯನ್ನು ತರಗತಿಯಲ್ಲಿ ಸಾಕುವುದು ನನಗಂತೂ ಸರಿಕಾಣದು.

ಬಸವನಹುಳು ಚಿಕ್ಕ ಮಕ್ಕಳಿಗೆ ಚೆಂದ: ಬರಿಗಣ್ಣಿಗೆ ಕಾಣುತ್ತದೆ, ಹಿಡಿಯುವುದು ಸುಲಭ, ಹುಳಿ ನೀರಿಗೆ ಬಿಟ್ಟರೆ ಚಿಪ್ಪಿನೊಳಗೆ ಸರಿದುಕೊಳ್ಳುತ್ತದೆ. ತೊಡಕಿರುವುದು ಅದರ ಚಿಪ್ಪಿನಲ್ಲೇ. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೋನೇಟ್; ಅದು ಆಮ್ಲದಲ್ಲಿ ಕರಗುತ್ತ ಆಮ್ಲವನ್ನೇ ತಣಿಸಿಬಿಡುತ್ತದೆ. ನೀವು ಅಳೆದಿಟ್ಟ ಪಿಎಚ್ ಅನ್ನು, ಅಂದರೆ ನೀರಿನ ಹುಳಿಯ ಅಳತೆಯನ್ನು (7 ಎಂದರೆ ತಟಸ್ಥ, ಅದಕ್ಕಿಂತ ಇಳಿದಷ್ಟೂ ಹುಳಿ), ಹುಳುವೇ ಬದಲಿಸುತ್ತದೆ. ಖಾಲಿ ಚಿಪ್ಪನ್ನು ವಿನೆಗರ್‌ನಲ್ಲಿ ಹಾಕಿ ತೋರಿಸಿ, ಗುಳ್ಳೆ ಏಳುವುದನ್ನು ನೋಡಿದ ಮಕ್ಕಳಿಗೆ ಬೇರೆ ವಿವರಣೆ ಬೇಕಾಗದು. ಕೆರೆಯ ಬಸವನಹುಳುಗಳಲ್ಲಿ ಪರಾವಲಂಬಿ ಹುಳಗಳು ಇರಬಹುದು, ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಲೇಬೇಕು.

ಇನ್ನು ನೀರುಚಿಗಟ. ಕೆಲಗೇರಿ ಕೆರೆಯಂಥ ಕಡೆ ದಂಡೆಯ ಪಾಚಿಯ ಹತ್ತಿರ ತೆಳು ಬಟ್ಟೆಯ ಬಲೆ ಎಳೆದರೆ ಸಾಸಿವೆಗಿಂತ ಸಣ್ಣ, ಕುಪ್ಪಳಿಸುತ್ತ ಈಜುವ ಜೀವಿಗಳು ಸಿಗುತ್ತವೆ. ಮೊಯಿನಾ, ಡಾಫ್ನಿಯಾ ಎಂಬವು ಈ ಜಾತಿಯವು. ಮೈಯೆಲ್ಲ ಪಾರದರ್ಶಕ. ಸ್ಲೈಡಿನ ಮೇಲೆ ಹತ್ತಿಯ ನಾಲ್ಕಾರು ಎಳೆ ಹರಡಿ, ಅದರ ಮೇಲೆ ಒಂದು ಹನಿ ನೀರು ಬಿಟ್ಟರೆ ಚಿಗಟ ಎಳೆಗಳ ನಡುವೆ ನಿಲ್ಲುತ್ತದೆ. ಕಣ್ಣಿನ ಹಿಂದೆ, ಬೆನ್ನಿನ ಕಡೆ ಹೃದಯ ಪಟಪಟ ಬಡಿಯುವುದು ಕಾಣುತ್ತದೆ. ಬರಿಗಣ್ಣಿನಿಂದ ಎಣಿಸಲಾಗದ ವೇಗ. ಸೂಕ್ಷ್ಮದರ್ಶಕದ ಮೇಲೆ ಮೊಬೈಲ್ ಹಿಡಿದು ಸ್ಲೋ ಮೋಷನ್ ವಿಡಿಯೋ ಮಾಡಿದರೆ ಎಣಿಕೆ ಸಿಗುತ್ತದೆ. ಪಿಎಚ್ 7, 8ರ ಬಾಟಲಿಗಳಲ್ಲಿ ಚುರುಕಾಗಿದ್ದವು 5ರಲ್ಲಿ ತಳ ಹಿಡಿದು ಮಂಕಾದದ್ದನ್ನು ಮಕ್ಕಳೇ ಗುರುತಿಸಿದರು. ಸಾಯುವವರೆಗೆ ಕಾಯಬೇಕಿಲ್ಲ, ಈಜು ನಿಧಾನವಾದದ್ದೂ ಫಲಿತಾಂಶವೇ. ಮೀನನ್ನು ಇಂಥದ್ದಕ್ಕೆ ಹಿಂಸಿಸಲೇಬಾರದು ಎಂಬುದು ನನ್ನ ಗಟ್ಟಿ ನಿಲುವು.

ನೀರಿಗೆ ಬರೋಣ. ಎರೆಭೂಮಿಯ ಕಡೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿನ ಬೈಕಾರ್ಬೋನೇಟು ಹಾಕಿದ ಆಮ್ಲವನ್ನು ನುಂಗುತ್ತದೆ. ಹೊತ್ತು ಕಳೆದಂತೆ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗಿ ಪಿಎಚ್ ಮತ್ತೆ ಏರುತ್ತದೆ. "ಅಕ್ಕೋರ, ನಿನ್ನಿ ಆರ ಇತ್ತಲ್ರಿ, ಇವತ್ತ ಏಳ ದಾಟೈತ್ರಿ!" ಎಂದು ಒಬ್ಬ ಹುಡುಗಿ ಓಡಿ ಬಂದದ್ದು ಇದಕ್ಕೇ. ಕಾರ್ಪೊರೇಷನ್ ನಳದ ನೀರಾದರೆ ಕ್ಲೋರಿನ್ ಇರುತ್ತದೆ, ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಡಬೇಕು. ಬರಿಯ ಮಳೆನೀರಿನಲ್ಲಿ ಜೀವಿಗೆ ಬೇಕಾದ ಲವಣಗಳೇ ಇಲ್ಲ. ಜೀವಿ ತಂದ ಕೆರೆಯ ನೀರನ್ನೇ ಬಟ್ಟೆಯಲ್ಲಿ ಸೋಸಿ ಬಳಸುವುದು ಇವೆಲ್ಲಕ್ಕಿಂತ ಮೇಲು. ಆಮ್ಲ ಬೆರೆಸಿ ಒಂದು ರಾತ್ರಿ ಬಿಟ್ಟು, ಮತ್ತೆ ಅಳೆದು ಸರಿಮಾಡಿ, ಆಮೇಲೆ ಜೀವಿಗಳನ್ನು ಬಿಡಿ.

ಆಮ್ಲ ಯಾವುದು? ವಿನೆಗರ್ ಅಗ್ಗ, ಆದರೆ ಅದು ಬ್ಯಾಕ್ಟೀರಿಯಾಗಳಿಗೆ ಆಹಾರ; ಅವು ಬೆಳೆದು ನೀರಿನ ಆಮ್ಲಜನಕ ತಿನ್ನುತ್ತವೆ. ಆಗ ಚಿಗಟ ಸತ್ತದ್ದು ಹುಳಿಯಿಂದಲೋ ಉಸಿರುಗಟ್ಟಿಯೋ ಹೇಳಲಾಗದು. ಆಮ್ಲಜನಕ ಕಡಿಮೆಯಾದ ಕಡೆ ಬೆಳೆದ ಚಿಗಟಗಳ ಮೈ ಕೆಂಪಾಗುತ್ತದೆ, ನಮ್ಮ ರಕ್ತದಲ್ಲಿರುವಂಥದೇ ಒಂದು ಬಗೆಯ ಹಿಮೋಗ್ಲೋಬಿನ್ ಅವುಗಳಲ್ಲೂ ಹೆಚ್ಚುವುದರಿಂದ. ಲ್ಯಾಬಿನ ತೀರಾ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲವನ್ನು ಶಿಕ್ಷಕರೇ ಹನಿಹನಿಯಾಗಿ ಹಾಕುವುದು ಸರಿ.

ಅಳೆಯಲು ದಾಸವಾಳದ ರಸ ನೋಡಲು ಸೊಗಸು, ಆಮ್ಲಕ್ಕೆ ಗುಲಾಬಿ, ಕ್ಷಾರಕ್ಕೆ ಹಸಿರು. ಆದರೆ 6 ಮತ್ತು 7ರ ನಡುವೆ ಅದು ಕೈಕೊಡುತ್ತದೆ. ಪಿಎಚ್‌ನಲ್ಲಿ ಒಂದು ಅಂಕಿ ಇಳಿದರೆ ಆಮ್ಲೀಯತೆ 10 ಪಟ್ಟು ಏರುತ್ತದೆ, ಎರಡಿಳಿದರೆ 100 ಪಟ್ಟು. ಹಾಗಾಗಿ ಪಿಎಚ್ ಕಾಗದಕ್ಕಿಂತ ಪೆನ್ನಿನಂಥ ಮೀಟರು ವಾಸಿ, ಅದರ ಜೊತೆ ಬರುವ ಬಫರ್ ಪುಡಿಯಿಂದ (ನೀರಲ್ಲಿ ಕರಗಿಸಿದರೆ ಗೊತ್ತಾದ ಪಿಎಚ್ ಕೊಡುವ ಪುಡಿ) ಮೊದಲು ಸರಿಹೊಂದಿಸಿಕೊಂಡಿದ್ದರೆ ಮಾತ್ರ. ಪ್ರತಿ ಪಿಎಚ್‌ಗೂ ಮೂರು ಬಾಟಲಿ, ಜೊತೆಗೆ ಆಮ್ಲ ಹಾಕದ ಮೂರು ಬಾಟಲಿ ಇರಲಿ. ಚಾರ್ಟಿನಲ್ಲಿ ಮೊದಲ ದಿನದ ಪಿಎಚ್ ಜೊತೆಗೆ ಕೊನೆಯ ದಿನದ್ದನ್ನೂ ಬರೆಯಿರಿ.