ಹ್ಯಾಡಿಂಗ್ಟನ್‌ನಲ್ಲಿ ನಾವು ಬಾಳಿದ ಎರಡು ಮನೆ: ಪೇಟೆಯ ಕಲ್ಲುಮನೆ ಮತ್ತು ಹೊಲದ ಮೇಲಿನ ಹೊಸ ಮನೆ

ಮೊದಲ ಮನೆಯ ಗೋಡೆ ಎಷ್ಟು ದಪ್ಪ ಇತ್ತೆಂದರೆ, ಕಿಟಕಿಯ ಕಟ್ಟೆಯ ಮೇಲೆ ನನ್ನ ಮಗಳು ಕಾಲು ಮಡಚಿ ಕೂತು ಬಣ್ಣ ಹಚ್ಚುತ್ತಿದ್ದಳು. ಎರಡನೇ ಮನೆಯ ಗೋಡೆಯನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಆದರೆ ಜನವರಿಯಲ್ಲಿ ಆ ಟೊಳ್ಳು ಗೋಡೆಗೆ ಬೆನ್ನು ಕೊಟ್ಟು ಕೂತು ಮಗನಿಗೆ ಊಟ ಮಾಡಿಸಬಹುದು. ಕಲ್ಲಿನ ಗೋಡೆಗೆ ಹಾಗೆ ಒರಗಿದರೆ ಬೆನ್ನುಹುರಿಯವರೆಗೂ ಚಳಿ ಇಳಿಯುತ್ತಿತ್ತು. ಸ್ಕಾಟ್ಲೆಂಡಿಗೆ ಬರುವ ನಮ್ಮ ಕಡೆಯ ಕುಟುಂಬಗಳು ಆಗಾಗ ಕೇಳುತ್ತಾರೆ, ಮಕ್ಕಳಿರುವವರಿಗೆ ಹಳೇ ಪೇಟೆಯ ಮನೆ ವಾಸಿಯೋ, ಹೊಸ ಬಡಾವಣೆಯೋ ಅಂತ. ಎರಡರಲ್ಲೂ ಬಾಳಿ ನೋಡಿದ್ದರಿಂದ ಬರೆಯುತ್ತಿದ್ದೇನೆ.

ನಾವಿರುವುದು ಹ್ಯಾಡಿಂಗ್ಟನ್‌ನಲ್ಲಿ. ಎಡಿನ್‌ಬರೋದಿಂದ ಪೂರ್ವಕ್ಕೆ ಸುಮಾರು 30 ಕಿ.ಮೀ., ಟೈನ್ ಹೊಳೆಯ ದಂಡೆಯ ಊರು (ನ್ಯೂಕಾಸಲ್‌ನ ಟೈನ್ ಬೇರೆ, ಇದು ಬೇರೆ). ಬಹಳ ಹಳೆಯ ಪೇಟೆ. ಸ್ಕಾಟ್ಲೆಂಡಿನ ದೊರೆ ಎರಡನೇ ಅಲೆಕ್ಸಾಂಡರ್ 1198ರಲ್ಲಿ ಹುಟ್ಟಿದ್ದು ಇಲ್ಲಿ. 1548ರಲ್ಲಿ ಇಂಗ್ಲಿಷ್ ಸೈನ್ಯ ಊರನ್ನು ಹಿಡಿದು ಕೂತಾಗ ನಡೆದ ಮುತ್ತಿಗೆಯಲ್ಲಿ ಹೊಳೆದಂಡೆಯ ಸೇಂಟ್ ಮೇರೀಸ್ ಚರ್ಚಿನ ಒಂದು ಭಾಗ ಸೂರು ಕಳೆದುಕೊಂಡಿತು. ಅದಕ್ಕೆ ಮತ್ತೆ ಸೂರು ಬಂದದ್ದು 1970ರ ದಶಕದಲ್ಲಿ. ಹೈ ಸ್ಟ್ರೀಟಿನ ಮನೆಗಳಿಗೆ ಇವತ್ತು ಕಾಣುವ ತಿಳಿ ಬಣ್ಣಗಳ ಹಿಂದೆ 1960ರ ದಶಕದ ಆರಂಭದಲ್ಲಿ ಇಡೀ ಬೀದಿಯನ್ನು ಒಟ್ಟಿಗೆ ಒಪ್ಪ ಮಾಡಿದ ಕೌಂಟಿ ಆಡಳಿತದ ಕೆಲಸವಿದೆ. ಅಂಥ ಬೀದಿಗೆ ಹೊಂದಿದ ಓಣಿಯಲ್ಲಿ, ಎರಡನೇ ಮಹಡಿಯ ಬಾಡಿಗೆ ಫ್ಲ್ಯಾಟಿನಲ್ಲಿ ನಾವು ಹದಿನಾಲ್ಕು ತಿಂಗಳಿದ್ದೆವು. ಆಮೇಲೆ ಊರಿನ ಪಶ್ಚಿಮದಂಚಿನ ಲೆತಮ್ ಮೇನ್ಸ್ ಕಡೆ ಹೊಸ ಮನೆ ಕೊಂಡೆವು. ಇಲ್ಲಿ ಈಗ ಎರಡು ಚಳಿಗಾಲ ಕಳೆದಿದೆ. ಸ್ಕಾಟ್ಸ್ ನುಡಿಯಲ್ಲಿ ಮೇನ್ಸ್ ಅಂದರೆ ಒಡೆಯರ ಮನೆಗೆ ಸೇರಿದ ಮುಖ್ಯ ಜಮೀನು. ಹೆಸರೇ ಹೇಳುವಂತೆ ಇದು ಬೇಸಾಯದ ನೆಲ. ಬಡಾವಣೆ ಮುಗಿಯುವಲ್ಲಿ ಈಗಲೂ ಹೊಲ ಶುರುವಾಗುತ್ತದೆ.

ಚಳಿಯ ಮಾತನ್ನೇ ಮೊದಲು ಆಡಬೇಕು, ಯಾಕೆಂದರೆ ಇಲ್ಲಿ ವರ್ಷದ ಅರ್ಧ ಭಾಗ ಅದರದ್ದೇ. ಡಿಸೆಂಬರಿನಲ್ಲಿ ಬೆಳಗಾಗುವುದು ಎಂಟೂಮುಕ್ಕಾಲರ ಹತ್ತಿರ, ಮಧ್ಯಾಹ್ನ ನಾಲ್ಕಾಗುವ ಮೊದಲೇ ಕತ್ತಲು. ಚಿಕ್ಕ ಮಕ್ಕಳು ಆ ತಿಂಗಳುಗಳಲ್ಲಿ ಎಚ್ಚರವಿರುವ ಹೊತ್ತನ್ನೆಲ್ಲ ಮನೆಯೊಳಗೇ ಕಳೆಯುತ್ತಾರೆ. ಹಳೇ ಫ್ಲ್ಯಾಟಿನಲ್ಲಿ ಮೇಲೆ ಕೆಳಗೆ ಜಾರುವ ಮರದ ಕಿಟಕಿಗಳಿದ್ದವು, ಒಂದೇ ಗಾಜಿನವು. ನೋಡಲು ಬಹಳ ಚೆಂದ. ಪಶ್ಚಿಮದ ಗಾಳಿ ಎದ್ದ ರಾತ್ರಿ ಅವು ಕಟಕಟ ಅನ್ನುತ್ತಿದ್ದವು, ನಾನು ಎದ್ದು ಸಂದಿಗೆ ಹಳೇ ಟವೆಲ್ ತುರುಕುತ್ತಿದ್ದೆ. ಬೆಳಿಗ್ಗೆ ಗಾಜಿನ ಕೆಳಗೆ ನೀರು ಮಡುಗಟ್ಟಿರುತ್ತಿತ್ತು. ಬೀರು ಸರಿಸಿದರೆ ಹಿಂದಿನ ಗೋಡೆಯಲ್ಲಿ ಕಪ್ಪು ಬೂಷ್ಟು. ಪ್ರತಿ ಭಾನುವಾರ ವಿನೆಗರ್ ಹಚ್ಚಿ ಒರೆಸುವುದು ಒಂದು ಕೆಲಸವೇ ಆಗಿಬಿಟ್ಟಿತ್ತು. ಕಿಟಕಿ ಬದಲಿಸಿಬಿಡೋಣ ಅನ್ನುವ ಹಾಗಿಲ್ಲ. ಇಲ್ಲಿ ಐತಿಹಾಸಿಕ ಕಟ್ಟಡಗಳನ್ನು ಎ, ಬಿ, ಸಿ ಎಂದು ಪಟ್ಟಿ ಮಾಡಿ ಕಾಪಾಡುತ್ತಾರೆ. ಪಟ್ಟಿಯಲ್ಲಿರುವ ಕಟ್ಟಡದ ಚಹರೆ ಬದಲಾಗುವಂಥ ಕೆಲಸಕ್ಕೆ ಕೌನ್ಸಿಲಿನ ಒಪ್ಪಿಗೆ ಬೇಕು. ಒಳಗಿನಿಂದ ಇನ್ನೊಂದು ಗಾಜಿನ ಪದರ ಕೂರಿಸುವುದು ಸುಲಭದ ದಾರಿ. ನಾವು ಬಾಡಿಗೆಯವರು, ಅದು ನಮ್ಮ ಕೈಯಲ್ಲಿರಲಿಲ್ಲ.

ಹೊಸ ಮನೆಯಲ್ಲಿ ಈ ಕಷ್ಟ ಇಲ್ಲ. ಬೆಳಿಗ್ಗೆ ಮಗ ಬರಿಗಾಲಲ್ಲಿ ಇಳಿದು ಬರುತ್ತಾನೆ, ಅದೊಂದು ನೋಟಕ್ಕೇ ಕೊಟ್ಟ ಹಣ ಸಾರ್ಥಕ ಅನಿಸುತ್ತದೆ. ಮನೆ ಎಷ್ಟು ಕಡಿಮೆ ಇಂಧನದಲ್ಲಿ ಬೆಚ್ಚಗಿರುತ್ತದೆ ಅಂತ ಎ ಇಂದ ಜಿ ವರೆಗೆ ದರ್ಜೆ ಕೊಡುವ ಎನರ್ಜಿ ಸರ್ಟಿಫಿಕೇಟಿನಲ್ಲಿ ಇದು ಬಿ ದರ್ಜೆ, ಫ್ಲ್ಯಾಟು ಇ ದರ್ಜೆ. ಮನೆ ದೊಡ್ಡದಾಗಿದ್ದರೂ ಚಳಿಗಾಲದ ಬಿಲ್ಲು ಹೆಚ್ಚುಕಮ್ಮಿ ಅರ್ಧಕ್ಕಿಳಿಯಿತು. ನಮ್ಮ ಮನೆ ಬಿಸಿ ಮಾಡಲು ಗ್ಯಾಸ್ ಬಾಯ್ಲರೇ ಇದೆ. 2024ರ ಏಪ್ರಿಲ್ 1ರಿಂದ ಕಟ್ಟಡದ ಪರವಾನಗಿಗೆ ಅರ್ಜಿ ಹಾಕಿದ ಹೊಸ ಮನೆಗಳಿಗೆ ಸ್ಕಾಟ್ಲೆಂಡಿನಲ್ಲಿ ಗ್ಯಾಸ್ ಬಾಯ್ಲರ್ ಹಾಕುವ ಹಾಗಿಲ್ಲ. ಆದ್ದರಿಂದ ಈಗ ಹೊಸ ಮನೆ ನೋಡುವವರು ಬಾಯ್ಲರಿನ ಬದಲು ಹೊರಗಿನ ಗಾಳಿಯ ಶಾಖ ಎಳೆದು ಮನೆ ಬಿಸಿ ಮಾಡುವ ಹೀಟ್ ಪಂಪಿನ ಫ್ಯಾನು ಡಬ್ಬಿ ಹೊರಗೆ ಎಲ್ಲಿ ಕೂರುತ್ತದೆ, ಮಲಗುವ ಕೋಣೆಯ ಕಿಟಕಿಯ ಕೆಳಗೋ ಅಂತ ನಕ್ಷೆಯಲ್ಲೇ ನೋಡಿಕೊಳ್ಳಿ.

ಆದರೆ ಬಿಗಿಯಾದ ಮನೆಗೆ ಅದರದೇ ಆದ ಶಿಸ್ತು ಬೇಕು. ಕಿಟಕಿಯ ಮೇಲಂಚಿನಲ್ಲಿ ಗಾಳಿಯಾಡಲು ಸಣ್ಣ ಸೀಳುಗಳಿರುತ್ತವೆ. ಮೊದಲ ಚಳಿಗಾಲ ಹಳೇ ಅಭ್ಯಾಸದಂತೆ ಅವನ್ನೆಲ್ಲ ಮುಚ್ಚಿಬಿಟ್ಟೆ. ವಾರ ಕಳೆಯುವುದರೊಳಗೆ ಹೊಸ ಗಾಜಿನ ಮೇಲೂ ಹನಿ ಕೂತಿತು. ಹೊಸ ಪ್ಲಾಸ್ಟರು, ಹೊಸ ಮರ ಒಣಗಲು ತಿಂಗಳುಗಟ್ಟಲೆ ಬೇಕು. ಆ ತೇವ ಹೊರಗೆ ಹೋಗಲು ದಾರಿ ಬಿಡಬೇಕು. ಮೊದಲ ವರ್ಷ ಮೂಲೆಗಳಲ್ಲಿ ಕೂದಲೆಳೆಯ ಬಿರುಕು ಕಂಡರೆ ಹೆದರಬೇಡಿ, ಮನೆ ಒಣಗುತ್ತಿದೆ ಅಷ್ಟೆ.

ನಮ್ಮ ಅಡುಗೆಗೆ ಯಾವುದು ಹೊಂದುತ್ತದೆ? ಇಲ್ಲಿ ಹಳೇ ಮನೆಗೇ ನನ್ನ ಮತ. ಫ್ಲ್ಯಾಟಿನ ಅಡುಗೆಮನೆಗೆ ಗಟ್ಟಿ ಬಾಗಿಲಿತ್ತು, ಎತ್ತರದ ಸೂರಿತ್ತು. ಒಗ್ಗರಣೆಯ ಘಾಟು ಅಲ್ಲೇ ನಿಲ್ಲುತ್ತಿತ್ತು. ಹೊಸ ಮನೆಗಳ ಮಾರಾಟದ ಚಿತ್ರಗಳಲ್ಲಿ ಎದ್ದು ಕಾಣುವುದು ಅಡುಗೆ, ಊಟ, ಕೂರುವ ಜಾಗ ಎಲ್ಲ ಒಂದೇ ಹಜಾರದಲ್ಲಿರುವ ವಿನ್ಯಾಸ. ಮಕ್ಕಳ ಮೇಲೆ ಕಣ್ಣಿಡಲು ಅದು ನಿಜಕ್ಕೂ ಅನುಕೂಲ. ಆದರೆ ಬ್ಯಾಡಗಿ ಮೆಣಸಿನಕಾಯಿ ಎಣ್ಣೆಗೆ ಬಿದ್ದ ಗಳಿಗೆ ಸೋಫಾದ ಬಟ್ಟೆಯವರೆಗೂ ವಾಸನೆ ಹೋಗುತ್ತದೆ. 2022ರ ಫೆಬ್ರವರಿಯಿಂದ ಸ್ಕಾಟ್ಲೆಂಡಿನ ಎಲ್ಲ ಮನೆಗಳಲ್ಲೂ ಹೊಗೆಯ ಅಲಾರಾಂಗಳು ಒಂದಕ್ಕೊಂದು ಜೋಡಿಸಿರಬೇಕು ಎಂಬ ನಿಯಮವಿದೆ. ಒಂದು ಕೂಗಿದರೆ ಎಲ್ಲವೂ ಕೂಗುತ್ತವೆ. ಮೊದಲ ವಾರವೇ ಸಾರಿನ ಒಗ್ಗರಣೆಗೆ ಮೇಲಿನ ಮಹಡಿಯ ಅಲಾರಾಂ ಕೂಡ ಕೂಗಿ, ಮಲಗಿದ್ದ ಮಗ ಬೆಚ್ಚಿ ಅತ್ತ. ಅದಾದ ಮೇಲೆ ಹಜಾರದ ಬಾಗಿಲು ಮುಚ್ಚಿ, ಒಲೆಯ ಮೇಲಿನ ಹುಡ್ ಫ್ಯಾನು ಜೋರು ಮಾಡಿ, ಆಮೇಲೆ ಬಾಣಲೆ ಇಡುವುದು ರೂಢಿಯಾಯಿತು. ಹೊಸ ಮನೆ ನೋಡಲು ಹೋದಾಗ ಹುಡ್ಡಿನ ಹೊಗೆ ನಿಜವಾಗಿ ಹೊರಗೆ ಹೋಗುತ್ತದೋ, ಬರೀ ಸೋಸಿ ಒಳಗೇ ಬಿಡುತ್ತದೋ ಅಂತ ತಪ್ಪದೆ ಕೇಳಿ.

ಹಳೇ ಅಡುಗೆಮನೆಯ ಇನ್ನೊಂದು ವಸ್ತು ಈಗಲೂ ನೆನಪಾಗುತ್ತದೆ. ಸೂರಿಗೆ ತೂಗುಬಿಟ್ಟ ಬಟ್ಟೆ ಒಣಗಿಸುವ ಮರದ ಚೌಕಟ್ಟು. ಇಲ್ಲಿಯವರು ಪುಲ್ಲಿ ಅನ್ನುತ್ತಾರೆ. ಹಗ್ಗ ಬಿಟ್ಟರೆ ಕೆಳಗಿಳಿಯುತ್ತದೆ, ನಾಲ್ಕು ಕೋಲಿಗೆ ಬಟ್ಟೆ ಹರವಿ ಹಗ್ಗ ಎಳೆದು ಗೋಡೆಯ ಗೂಟಕ್ಕೆ ಸುತ್ತಿದರೆ ಸೂರಿನ ಬಿಸಿಗೆ ರಾತ್ರಿ ಬೆಳಗಾಗುವುದರೊಳಗೆ ಒಣಗುತ್ತದೆ. ಸಾಗರದಿಂದ ಬಂದಿದ್ದ ಅಮ್ಮ ಅದನ್ನು ನೋಡಿದವಳೇ "ನಮ್ಮ ಮಳೆಗಾಲಕ್ಕೆ ಇದಲ್ಲವಾ ಬೇಕಾದ್ದು" ಅಂದಳು. ಹೋಗುವ ಮೊದಲು ಚೌಕಟ್ಟಿನ ಅಳತೆಯನ್ನೂ ಬರೆದುಕೊಂಡಳು. ಹೊಸ ಮನೆಯ ತಗ್ಗು ಸೂರಿಗೆ ಅದು ಸರಿಹೋಗದು.

ಮೆಟ್ಟಿಲುಗಳು ಮಾತ್ರ ನನ್ನನ್ನು ಸೋಲಿಸಿದವು. ಮಗು, ತರಕಾರಿ ಚೀಲ, ತಳ್ಳುಗಾಡಿ ಹಿಡಿದು ಸವೆದ ಕಲ್ಲಿನ ಸುರುಳಿ ಮೆಟ್ಟಿಲನ್ನು ದಿನಕ್ಕೆ ಮೂರು ಸಲ ಹತ್ತುವುದು ಆಗದ ಮಾತು. ಕೆಳಗಿನ ಮನೆಯಲ್ಲಿ ವಯಸ್ಸಾದ ಒಬ್ಬರಿದ್ದರು. ಮರದ ನೆಲದ ಮೇಲೆ ಮಕ್ಕಳು ಓಡಿದರೆ ಅವರ ತಲೆಯ ಮೇಲೆ ಓಡಿದ ಹಾಗೆ. ಅವರು ಒಂದು ದಿನವೂ ದೂರಲಿಲ್ಲ, ಅದಕ್ಕೇ ನನಗೆ ಸಂಕಟ ಹೆಚ್ಚು. ಹದಿನಾಲ್ಕು ತಿಂಗಳು "ಓಡಬೇಡ, ಓಡಬೇಡ" ಅಂತಲೇ ಬಾಯಿ ಬತ್ತಿತು. ಹೊಸ ಮನೆಗೆ ಬಂದ ದಿನ ಸಾಮಾನು ಇಳಿಸುವ ಮೊದಲೇ ಇಬ್ಬರೂ ಕೆಳಗಿನಿಂದ ಮೇಲಕ್ಕೆ ಮೇಲಿನಿಂದ ಕೆಳಕ್ಕೆ ಓಡಿದರು, ನಾನು ಸುಮ್ಮನೆ ನಿಂತು ನೋಡಿದೆ.

ಇನ್ನು ಕೊಳ್ಳುವ ವಿಚಾರ. ಹಳೇ ಮನೆಯೊಂದನ್ನು ಕೊಳ್ಳಲೂ ನಾವು ಪ್ರಯತ್ನಪಟ್ಟಿದ್ದೆವು. ಸ್ಕಾಟ್ಲೆಂಡಿನಲ್ಲಿ ಮಾರುವವರು ಹೋಮ್ ರಿಪೋರ್ಟ್ ಕೊಡಬೇಕು. 2008ರ ಡಿಸೆಂಬರಿನಿಂದ ಇದು ಕಡ್ಡಾಯ. ಸೂರು, ತೇವ, ಮರದ ಕೊಳೆ ಎಲ್ಲದಕ್ಕೂ 1, 2, 3 ಎಂದು ಅಂಕ ಹಾಕಿ, ಮನೆಯ ಬೆಲೆಯನ್ನೂ ಸರ್ವೇಯರ್ ಬರೆದಿರುತ್ತಾರೆ. ಇದು ಬಹಳ ಒಳ್ಳೆಯ ಪದ್ಧತಿ. ಕಷ್ಟ ಇರುವುದು ಬೆಲೆ ಕೂಗುವಲ್ಲಿ. "ಇಷ್ಟರ ಮೇಲೆ" ಎಂದು ಜಾಹೀರಾತು ಕೊಡುತ್ತಾರೆ. ಬೇಡಿಕೆ ಇದ್ದರೆ ಒಂದು ದಿನ ಗೊತ್ತುಮಾಡುತ್ತಾರೆ, ಎಲ್ಲರೂ ವಕೀಲರ ಮೂಲಕ ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ ಒಂದೇ ಸಲ ತಮ್ಮ ಬೆಲೆ ಬರೆದು ಕೊಡಬೇಕು. ರಿಪೋರ್ಟಿನ ಬೆಲೆಗಿಂತ ಹೆಚ್ಚು ಬರೆದರೆ, ಆ ಹೆಚ್ಚುವರಿಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಕೈಯಿಂದಲೇ ಹಾಕಬೇಕು. ಎರಡು ಮನೆ ಹಾಗೆ ಕೈತಪ್ಪಿದವು. ಹೊಸ ಮನೆಗೆ ಗೊತ್ತಾದ ಬೆಲೆ, ಮುಂಗಡ ಕಟ್ಟಿದರೆ ನಿಮ್ಮದೇ. ಅದಕ್ಕೆ ಹೋಮ್ ರಿಪೋರ್ಟ್ ಇರುವುದಿಲ್ಲ, ಅದನ್ನು ಮರೆಯಬೇಡಿ. ಮನೆ ಕೊಳ್ಳುವಾಗ ಕಟ್ಟುವ ತೆರಿಗೆ ಎರಡಕ್ಕೂ ಒಂದೇ. 145,000 ಪೌಂಡಿನವರೆಗೆ ಇಲ್ಲ, ಅಲ್ಲಿಂದ ಹಂತಹಂತವಾಗಿ ಏರುತ್ತದೆ. ವಾಸಕ್ಕೆ ಒಂದೇ ಮನೆ ಕೊಳ್ಳುವವರಿಗೆ 350,000 ಪೌಂಡಿನ ಮನೆಗೆ 8,350 ಪೌಂಡ್ ಆಗುತ್ತದೆ. ಮೊದಲ ಮನೆಯಾದರೆ ಸ್ವಲ್ಪ ರಿಯಾಯಿತಿ ಉಂಟು.

ಕೀಲಿ ಕೈಗೆ ಬಂದ ವಾರ ಟಾರ್ಚು ಹಿಡಿದು ದೋಷಗಳ ಪಟ್ಟಿ ಮಾಡಿದೆವು. ಐವತ್ಮೂರು ಬಂದವು. ಹೆಚ್ಚಿನವು ಬಣ್ಣ, ಅಂಚುಪಟ್ಟಿಯಂಥ ಚಿಲ್ಲರೆ. ಎರಡು ಮಾತ್ರ ದೊಡ್ಡವು: ಅಟ್ಟದ ಒಂದು ಮೂಲೆಯಲ್ಲಿ ಚಳಿ ತಡೆಯುವ ಉಣ್ಣೆಯಂಥ ಹೊದಿಕೆ ಹಾಸಿರಲೇ ಇಲ್ಲ, ಸ್ನಾನದ ಮನೆಯ ನೀರು ಮೋರಿಯ ಕಡೆ ಹರಿಯದೆ ಬಾಗಿಲ ಕಡೆ ಹರಿಯುತ್ತಿತ್ತು. ಅಟ್ಟದ್ದು ಬೇಗ ಸರಿಯಾಯಿತು, ನೀರಿನದ್ದಕ್ಕೆ ಐದು ತಿಂಗಳು ಹಿಡಿಯಿತು. ಸಾಮಾನ್ಯವಾಗಿ ಹತ್ತು ವರ್ಷದ ವಾರಂಟಿಯಲ್ಲಿ ಮೊದಲ ಎರಡು ವರ್ಷ ಕಟ್ಟಿದವರೇ ದೋಷ ತಿದ್ದಬೇಕು, ಆಮೇಲೆ ಮುಖ್ಯ ರಚನೆಯ ದೊಡ್ಡ ದೋಷಕ್ಕಷ್ಟೇ ರಕ್ಷಣೆ. ಎಲ್ಲವನ್ನೂ ಫೋಟೋ, ದಿನಾಂಕ ಸಮೇತ ಬರೆದೇ ತಿಳಿಸಿ. ಹಿತ್ತಲಿನ ಹುಲ್ಲಿನ ಹಾಸನ್ನು ನಂಬಬೇಡಿ. ಮೆಂತ್ಯ ಬಿತ್ತೋಣ ಅಂತ ಸಲಿಕೆ ಹಾಕಿದರೆ ಒಂದು ಗೇಣು ಕೆಳಗೆ ಜೇಡಿ, ಇಟ್ಟಿಗೆ ಚೂರು. ಹೊಲವಾಗಿದ್ದ ಜಾಗದ ಮೇಲ್ಮಣ್ಣು ಎಲ್ಲಿ ಹೋಯಿತೋ ಅಂತ ನಿಜವಾಗಿ ಹೊಟ್ಟೆ ಉರಿಯಿತು. ಬಡಾವಣೆಯ ಹುಲ್ಲುಗಾವಲು, ಆಟದ ಜಾಗ, ಮಳೆನೀರು ಹಿಡಿಯುವ ಕೊಳ ಇವುಗಳ ನಿರ್ವಹಣೆಗೆ ಪ್ರತಿ ಮನೆಯೂ ವರ್ಷವರ್ಷ ಹಣ ಕಟ್ಟಬೇಕು, ಅದನ್ನೂ ಲೆಕ್ಕಕ್ಕಿಟ್ಟುಕೊಳ್ಳಿ.

ಹೊಸ್ತಿಲು ದಾಟಿದರೆ ನನ್ನ ಮನಸ್ಸು ಪೇಟೆಯ ಕಡೆಗೇ. ಅಲ್ಲಿ ಹಾಲು ಮುಗಿದರೆ ಚಪ್ಪಲಿ ಮೆಟ್ಟಿ ಹೋಗಿ ತರುತ್ತಿದ್ದೆ. ಜಾನ್ ಗ್ರೇ ಸೆಂಟರಿನ ಲೈಬ್ರರಿಯ ಮಕ್ಕಳ ಮೂಲೆ ನಮ್ಮ ಎರಡನೇ ಹಜಾರವಾಗಿತ್ತು. ತಿಂಗಳ ಕೊನೆಯ ಶನಿವಾರದ ರೈತರ ಸಂತೆಯಲ್ಲಿ ಮಗಳಿಗೆ ಹೆಸರು ಹಿಡಿದು ಮಾತಾಡಿಸುವವರಿದ್ದರು. ಸಂಜೆ ಹೊಳೆಗುಂಟ ನನ್‌ಗೇಟ್ ಸೇತುವೆಯವರೆಗೆ ನಡೆದು ಬಾತುಗಳನ್ನು ನೋಡಿ ಬಂದರೆ ದಿನ ತುಂಬುತ್ತಿತ್ತು. ಹೊಸ ಬಡಾವಣೆಯಲ್ಲಿ ಮೊದಲ ಮೂರು ತಿಂಗಳು ನಾನು ಮಾತಾಡಿದ್ದು ಪಕ್ಕದ ಮನೆಯವರ ಜೊತೆ ಮಾತ್ರ, ಅದೂ ಕಾರು ಹತ್ತುವಾಗ. ಆಮೇಲೆ ಬಡಾವಣೆಯ ಪ್ರಾಥಮಿಕ ಶಾಲೆಯ ಗೇಟಿನ ಬಳಿ ನಿಧಾನವಾಗಿ ಪರಿಚಯವಾಯಿತು. ಎಲ್ಲರೂ ಹೊಸಬರೇ ಆದ್ದರಿಂದ ಹೊರಗಿನವರು ಅನ್ನುವ ಭಾವನೆ ಇಲ್ಲಿ ಯಾರಿಗೂ ಇಲ್ಲ, ಅದೊಂದು ನೆಮ್ಮದಿ. ಹೈಸ್ಕೂಲಿಗೆ ಎರಡೂ ಕಡೆಯ ಮಕ್ಕಳು ನಾಕ್ಸ್ ಅಕಾಡೆಮಿಗೇ ಹೋಗುತ್ತಾರೆ.

ಊರಿಗೆ ರೈಲಿಲ್ಲ, 1949ರಲ್ಲೇ ಪ್ರಯಾಣಿಕರ ರೈಲು ನಿಂತಿತು. ಲಾಂಗ್‌ನಿಡ್ರಿ ಸ್ಟೇಷನ್ನಿನವರೆಗಿನ ಆ ಹಳೇ ಹಳಿಯ ದಾರಿ ಈಗ ನಡಿಗೆ, ಸೈಕಲ್ಲಿನ ದಾರಿ. ಅದು ಊರಿನ ಪಶ್ಚಿಮದಿಂದ ಹೊರಡುವುದರಿಂದ ಹೊಸ ಮನೆಗೆ ಹತ್ತಿರ. ಎಡಿನ್‌ಬರೋಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. 5ರಿಂದ 21ರ ವಯಸ್ಸಿನವರಿಗೆ ಸ್ಕಾಟ್ಲೆಂಡಿನಲ್ಲಿ ಬಸ್ಸು ಉಚಿತ, ಕಾರ್ಡು ಮಾಡಿಸಬೇಕು.

ಪೇಟೆಯಲ್ಲಿ ಮನೆ ಕೊಳ್ಳುವವರಿಗೆ ಒಂದು ಮಾತು. ಸೈಡ್‌ಗೇಟ್ ಮೂಲೆಯಲ್ಲಿ ಗೋಡೆಗೆ ಹಚ್ಚಿದ ಫಲಕವೊಂದಿದೆ. 1775ರ ಅಕ್ಟೋಬರ್ 4ರಂದು ಟೈನ್ ಹೊಳೆ ಇಲ್ಲಿಯವರೆಗೆ ಏರಿತ್ತು ಅಂತ ಅದರಲ್ಲಿ ಬರೆದಿದೆ. 1948ರ ಆಗಸ್ಟಿನಲ್ಲೂ ಊರಿಗೆ ನೆರೆ ಬಂದಿತ್ತು. ಹೊಳೆಯ ಕಡೆಯ ಓಣಿಗಳಲ್ಲಿ ಕೆಳಮಹಡಿ ನೋಡುವವರು ಆ ಫಲಕದ ಎದುರು ಒಂದು ನಿಮಿಷ ನಿಂತು ಹೋಗಿ, ನೆರೆಯ ನಕ್ಷೆ ನೋಡಿ, ವಿಮೆಯವರನ್ನು ಮೊದಲೇ ಕೇಳಿ.

ನನ್ನ ತೀರ್ಮಾನವನ್ನು ಮುಚ್ಚಿಡುವುದಿಲ್ಲ. ಎರಡು ಚಿಕ್ಕ ಮಕ್ಕಳೊಂದಿಗೆ ಈ ಚಳಿಯ ನಾಡಿನಲ್ಲಿ ಮತ್ತೆ ಆಯ್ಕೆ ಮಾಡಬೇಕಾಗಿ ಬಂದರೂ ಹೊಸ ಮನೆಯನ್ನೇ ಆರಿಸುತ್ತೇನೆ, ಅದೂ ಪೇಟೆಗೆ ನಡೆದೇ ಹೋಗಬಹುದಾದ್ದರಿಂದ. ಕಾರಿಲ್ಲದೆ ಹಾಲೂ ತರಲಾಗದ ಬಡಾವಣೆಯಾಗಿದ್ದರೆ ಬೂಷ್ಟು ಒರೆಸಿಕೊಂಡು ಕಲ್ಲುಮನೆಯಲ್ಲೇ ಇರುತ್ತಿದ್ದೆ. ಮಕ್ಕಳಿಲ್ಲದ ಜೋಡಿಗೆ, ನಿವೃತ್ತರಿಗೆ, ಒಳಗಾಜು ಹಾಕಿಸಿದ ಪೇಟೆಯ ಮನೆಯಷ್ಟು ಸುಖ ಬೇರೆ ಇಲ್ಲ.

ಬೆಂಗಳೂರಿನಿಂದ ಬಂದು ಎಡಿನ್‌ಬರೋದಲ್ಲಿ ಬಾಡಿಗೆಗಿರುವ ಗೆಳತಿಯ ಕುಟುಂಬ ಈ ಕಡೆ ಹೊಸ ಮನೆಗಳನ್ನು ನೋಡಲು ಬರುವುದಾಗಿ ಹೇಳಿದೆ. ಜೂನ್‌ನಲ್ಲಿ ಬರುತ್ತೇವೆ ಅಂದಿದ್ದರು, ಬೇಡ ಅಂದೆ. ಡಿಸೆಂಬರಿನ ಮಧ್ಯಾಹ್ನ ಮೂರಕ್ಕೆ ಬಸ್ಸಿನಲ್ಲಿ ಬಂದು ಹೈ ಸ್ಟ್ರೀಟಿನಲ್ಲಿ ಇಳಿಯಿರಿ, ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿ ನಮ್ಮ ಮನೆಯವರೆಗೆ ನಡೆದೇ ಬನ್ನಿ, ದಾರಿಯಲ್ಲಿ ದೀಪ ಎಲ್ಲಿದೆ ಎಲ್ಲಿಲ್ಲ ನೋಡುತ್ತ ಬನ್ನಿ ಅಂತ ಹೇಳಿದ್ದೇನೆ. ಇಪ್ಪತ್ತೈದು ನಿಮಿಷದ ದಾರಿ. ಅಷ್ಟರಲ್ಲಿ ನಾನು ಬಾಗಿಲು ಮುಚ್ಚಿ, ಫ್ಯಾನು ಹಾಕಿ, ಸಾರಿಗೆ ಒಗ್ಗರಣೆ ಕೊಟ್ಟಿರುತ್ತೇನೆ.