ಹೋಂಸ್ಟೇ ಪೂಲ್‌ಗೆ ಕ್ಲೋರಿನ್: ತೇಲುವ ಡಬ್ಬಿಯೋ, ಹನಿ ಕ್ಯಾನೋ?

ಮೂಡಿಗೆರೆ ಹತ್ತಿರ ನಮ್ಮ ಹೋಂಸ್ಟೇ ಅಂಗಳದಲ್ಲಿ 10,000 ಲೀಟರಿನ ಪೂಲ್ ಇದೆ, ನೆಲದ ಮೇಲೆ ನಿಲ್ಲಿಸುವಂಥದ್ದು. ಕ್ಲೋರಿನ್ ಹಾಕಲು ಎರಡೂ ದಾರಿ ಮಾಡಿ ನೋಡಿದ್ದೇನೆ.

ಪ್ಲಾಸ್ಟಿಕ್ ಡಬ್ಬಿಗೆ ತೂತು ಕೊರೆದು, ಟ್ರೈಕ್ಲೋರ್ (ನಿಧಾನಕ್ಕೆ ಕರಗುವ ಕ್ಲೋರಿನ್) ಮಾತ್ರೆ ಹಾಕಿ ತೇಲಿಬಿಡುವುದು ಸುಲಭ. ವಾರಕ್ಕೊಮ್ಮೆ ತೋಟಕ್ಕೆ ಬರುವವರಿಗೆ ಇದೇ ಸರಿ. ಆದರೆ ನೀರಿನ ಪಿಎಚ್ ಇಳಿಯುತ್ತದೆ, ಮಾತ್ರೆಯಲ್ಲಿರುವ ಸಯನ್ಯೂರಿಕ್ ಆಮ್ಲ (ಬಿಸಿಲಿಗೆ ಕ್ಲೋರಿನ್ ಹಾಳಾಗದಂತೆ ಕಾಯುವಂಥದ್ದು) ಸೇರುತ್ತಾ ಹೋಗುತ್ತದೆ. ಅದು ಜಾಸ್ತಿಯಾದರೆ ಕ್ಲೋರಿನ್ ಇದ್ದರೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಡಬ್ಬಿ ಒಂದೇ ಮೂಲೆಗೆ ಹೋಗಿ ನಿಂತರೆ ಲೈನರ್ (ಪೂಲಿನ ಒಳಹೊದಿಕೆ) ಬಣ್ಣವೂ ಹೋಗುತ್ತದೆ. ನಮ್ಮದರಲ್ಲಿ ಅಂಗೈ ಅಗಲದ ಬಿಳಿ ಕಲೆ ಈಗಲೂ ಇದೆ.

ದಿನಾ ಮನೆಯಲ್ಲಿರುವವರಾದರೆ ಹನಿ ಕ್ಯಾನ್ ಮಾಡಿಕೊಳ್ಳಿ. ಕ್ಯಾನಿನ ಬುಡಕ್ಕೆ ಸಣ್ಣ ಪ್ಲಾಸ್ಟಿಕ್ ನಲ್ಲಿ, ಒಳಗೆ 10% ಸೋಡಿಯಂ ಹೈಪೋಕ್ಲೋರೈಟ್ (ದ್ರವ ಕ್ಲೋರಿನ್). ನಮ್ಮ ಪೂಲ್‌ಗೆ 100 ಮಿ.ಲೀ. ಹಾಕಿದರೆ ಕ್ಲೋರಿನ್ ಸುಮಾರು 1 ಪಿಪಿಎಂ (ಲೀಟರಿಗೆ 1 ಮಿ.ಗ್ರಾಂ) ಏರುತ್ತದೆ. ನಲ್ಲಿಯ ಬಾಯಲ್ಲಿ ಉಪ್ಪು ಕಟ್ಟುತ್ತದೆ, ಮಟ್ಟ ಇಳಿದಂತೆ ಹನಿಯೂ ನಿಧಾನ. ಅದಕ್ಕೇ ಒಂದು ದಿನಕ್ಕೆ ಬೇಕಾದಷ್ಟೇ ತುಂಬಿ. ನಲ್ಲಿ ಕೆಟ್ಟು ಪೂರ್ತಿ ಸುರಿದರೂ ನೀರು ಹಾಳಾಗಲ್ಲ, ಅಲ್ವಾ? ಪಂಪ್ ಓಡುವಾಗ ಮಾತ್ರ ಬಿಡಿ. ಕ್ಯಾನ್ ನೆರಳಲ್ಲಿರಲಿ, ಬಿಸಿಲಿಗೆ ದ್ರಾವಣದ ಶಕ್ತಿ ಕುಂದುತ್ತದೆ.

ಮಾತ್ರೆ ಹಾಕಿದ ಡಬ್ಬಿಗೆ ಬ್ಲೀಚಿಂಗ್ ಪೌಡರ್ ಮಾತ್ರ ಯಾವತ್ತೂ ಹಾಕಬೇಡಿ. ಎರಡೂ ಸೇರಿದರೆ ಬೆಂಕಿ ಹತ್ತಬಹುದು.