ಮಲೆನಾಡಿನ ಮಳೆ ತಡೆದ ದುರ್ಬೀನು

ನಮ್ಮ ಶಾಲೆಯ ಪರಿಸರ ಸಂಘಕ್ಕೆಂದು ಶಿವಮೊಗ್ಗದಲ್ಲಿ ಕೊಂಡ ಈ 8×42 ದುರ್ಬೀನು ಒಂದು ಮಳೆಗಾಲ, ಒಂದು ಬೇಸಿಗೆ ದಾಟಿದೆ. ಬೆಲೆ ಹನ್ನೆರಡು ಸಾವಿರದ ಆಸುಪಾಸು. ತೀರ್ಥಹಳ್ಳಿ ಕಡೆಯ ಹಳ್ಳಿ ಶಾಲೆಗೆ ಅದು ದೊಡ್ಡ ಮೊತ್ತ. ಹಳೆಯ ವಿದ್ಯಾರ್ಥಿಗಳು ಕೈ ಜೋಡಿಸಿದರು. ಕೊಟ್ಟ ಹಣಕ್ಕೆ ಮೋಸವಿಲ್ಲ.

ಅಂಗಡಿಯವರು 10×42 ತೋರಿಸಿ, ಇನ್ನೂ ಹತ್ತಿರ ಕಾಣುತ್ತದೆ ಎಂದರು. ನಾನು ಒಪ್ಪಲಿಲ್ಲ. ಹಿಗ್ಗಿಸುವ ಶಕ್ತಿ ಹೆಚ್ಚಿದಂತೆ ಕೈನಡುಕವೂ ಹಿಗ್ಗುತ್ತದೆ, ಎಂಟನೇ ತರಗತಿಯ ಮಕ್ಕಳಿಗೆ ಹಕ್ಕಿ ನಿಲ್ಲುವುದೇ ಇಲ್ಲ. 8, 10 ಎಂಬುದು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಲೆಕ್ಕ. 42 ಎಂಬುದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರಿನಲ್ಲಿ. ಅದನ್ನು 8ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತ 5.25 ಮಿ.ಮೀ., 10ರಿಂದಾದರೆ 4.2. ಆಗುಂಬೆಯ ಕಾಡಿನ ಮಬ್ಬಿನಲ್ಲಿ ಇಷ್ಟು ವ್ಯತ್ಯಾಸ ಸಣ್ಣದಲ್ಲ. ಒಳಗೆ ಸಾರಜನಕ ತುಂಬಿ ಮುಚ್ಚಿರುವುದರಿಂದ ಆಷಾಢದ ಮಳೆಯಲ್ಲೂ ಒಳಮಸೂರ ಮಂಜಾಗಲಿಲ್ಲ, ಬೂಷ್ಟು ಹಿಡಿಯಲಿಲ್ಲ.

ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆ ಎಕರೆಗಿಂತ ತುಸುವೇ ದೊಡ್ಡದು. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಮಳೆಗಾಲದಲ್ಲಿ ಅಲ್ಲಿ ಗೂಡು ಕಟ್ಟುತ್ತವೆ. ದಡದಲ್ಲೇ ಹೆದ್ದಾರಿ. ವೀಕ್ಷಣಾ ಗೋಪುರದಿಂದ ಬರಿಗಣ್ಣಿಗೆ ಬಿಳಿ ಚುಕ್ಕೆಗಳಷ್ಟೇ. ಇದರಲ್ಲಿ ನೋಡಿದರೆ ತಾಯಿಯ ಕೊಕ್ಕು ಹಿಡಿದೆಳೆಯುವ ಮರಿಯೂ ಕಾಣುತ್ತದೆ. ಇಷ್ಟು ಕಾಣುವಾಗ ಹತ್ತಿರ ಹೋಗುವ, ಡ್ರೋನ್ ಹಾರಿಸುವ ಅಗತ್ಯ ಯಾರಿಗೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಗೂಡು ಕದಡುವುದೂ ಬೇಟೆ ಎಂದೇ ಬರೆದಿದೆ. ಇದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ.

ಬೇಸಿಗೆಯಲ್ಲಿ ಇದರ ಕೆಲಸ ಇನ್ನೂ ದೊಡ್ಡದು. ಆಗ ಗೂಡು ಮಾಡುವ ಮಂಗಟ್ಟೆಹಕ್ಕಿ (ಹಾರ್ನ್‌ಬಿಲ್) ಮರಕುಟಿಗದಂತೆ ಪೊಟರೆ ಕೊರೆಯಲಾರದು. ಹಳೆಯ ಮರದಲ್ಲಿ ತಾನಾಗಿ ಆದ ಪೊಟರೆಯೇ ಬೇಕು. ಹೆಣ್ಣು ಒಳಗೆ ಕುಳಿತು ಪೊಟರೆಯ ಬಾಯಿ ಮೆತ್ತಿಕೊಂಡ ಮೇಲೆ, ಉಳಿದ ಸೀಳಿನಲ್ಲಿ ಗಂಡು ಅತ್ತಿ, ಬಸರಿ ಹಣ್ಣು ತಂದು ಕೊಡುತ್ತದೆ. ಅಂಥ ಮರ ಉರುಳಿದರೆ ಅದಕ್ಕೆ ಬದಲಾಗಿ ನೆಟ್ಟ ಸಸಿ ಪೊಟರೆ ಬೀಳುವಷ್ಟು ದಪ್ಪವಾಗಲು ತಲೆಮಾರುಗಳು ಬೇಕು. ರಸ್ತೆ ಅಗಲ ಮಾಡಲು ಮರಗಳಿಗೆ ಸಂಖ್ಯೆ ಬರೆಯುವವರು ಬುಡ ನೋಡಿ ಬರೆಯುತ್ತಾರೆ. ಪೊಟರೆ ಇರುವುದು ಎಷ್ಟೋ ಎತ್ತರದಲ್ಲಿ. ಆದ್ದರಿಂದ ನಮ್ಮ ಮಕ್ಕಳು ರಸ್ತೆಯಂಚಿನ ಹಳೆಯ ಮರಗಳನ್ನು ಈಗಲೇ ದೂರದಿಂದ ನೋಡಿ ಮರದ ಹೆಸರು, ದಿನಾಂಕ, ಬಂದ ಹಕ್ಕಿ ಎಲ್ಲವನ್ನೂ ಬರೆದಿಡುತ್ತಿದ್ದಾರೆ. ಮರ ಕಡಿಯುವುದಕ್ಕೆ ಆಕ್ಷೇಪಣೆ ಸಲ್ಲಿಸುವ ದಿನ ಬಂದಾಗ ಆ ಪುಸ್ತಕವನ್ನು ಮೇಜಿನ ಮೇಲೆ ಇಡಬಹುದು. ಗೂಡಿನ ಜಾಗವನ್ನು ಮಾತ್ರ ವಾಟ್ಸಾಪಿನಲ್ಲಿ ಯಾರಿಗೂ ಕಳಿಸಕೂಡದೆಂದು ಕಟ್ಟುನಿಟ್ಟು ಮಾಡಿದ್ದೇನೆ.

ಕೊರತೆಗಳೂ ಇವೆ. ಮಸೂರದ ಮುಚ್ಚಳ ಸಡಿಲ. ಮುಕ್ಕಾಲು ಕಿಲೋ ತೂಕಕ್ಕೆ ಕೊಟ್ಟಿರುವ ಕುತ್ತಿಗೆಪಟ್ಟಿ ತೀರಾ ತೆಳು, ಅಗಲದ್ದನ್ನು ಬೇರೆ ಕೊಳ್ಳಬೇಕಾಯಿತು. ಕನ್ನಡಕ ಹಾಕುವವರು ಕಣ್ಣಿಗೆ ತಾಗುವ ಬಟ್ಟಲಿನಂಥ ಅಂಚನ್ನು ಒಳಕ್ಕೆ ತಿರುಗಿಸಿ ನೋಡಬೇಕು. ಶಾಲೆಗೆ ಕೊಳ್ಳುವವರು ಸಾಧ್ಯವಾದರೆ ಎರಡು ಕೊಳ್ಳಿ. ಒಂದೇ ಇದ್ದರೆ ಸರದಿ ಬರುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ.